ಇಳಿಜಾರಿನ ಊರುಗಳಿಗೊಂದು ಯೋಜನೆ

ಚಿಂಕ್ವೆ ತೆರ್ರೆಗೆ ಹೋಗಬೇಕೆಂದಿದ್ದೇವೆ, ಏನಾದರೂ ಸಲಹೆ ಕೊಡು ಎಂದು ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ಅವರ ಮೊಣಕಾಲಿನ ಕ್ಷೇಮಸಮಾಚಾರವನ್ನು. ಖರ್ಚು, ರಜೆ, ವೀಸಾ ಎಲ್ಲ ಆಮೇಲೆ. ಕೆಲವರಿಗೆ ಇದು ತಮಾಷೆಯಾಗಿ ಕೇಳಿಸುತ್ತದೆ, ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಇಟಲಿಯ ವಾಯವ್ಯ ಕರಾವಳಿಯ ಆ ಐದು ಹಳ್ಳಿಗಳಲ್ಲಿ ಸಕಲವನ್ನೂ ತೀರ್ಮಾನಿಸುವುದು ಇಳಿಜಾರು. ಊರು ಎಲ್ಲಿ ಕೂತಿದೆ, ರೈಲು ಎಲ್ಲಿ ಸುರಂಗ ಹೊಗುತ್ತದೆ, ಕಾರಿಗೆ ಏಕೆ ಜಾಗವಿಲ್ಲ, ದ್ರಾಕ್ಷಿ ಅಲ್ಲಿ ಏನು ಮಾಡುತ್ತಿದೆ, ಮಳೆ ಹೊಯ್ದರೆ ಯಾರ ಮನೆಗೆ ಮಣ್ಣು ನುಗ್ಗುತ್ತದೆ, ಸೂಟ್‌ಕೇಸ್ ಹೊರುವವರು ಯಾರು, ಇವೆಲ್ಲಕ್ಕೂ ಉತ್ತರ ಆ ಗುಡ್ಡದ ಓರೆಯಲ್ಲೇ ಇದೆ. ಫೋಟೊ ನೋಡಿ ಹೊರಟವರಿಗೆ ಓರೆ ಕಾಣುವುದಿಲ್ಲ, ಬಣ್ಣ ಕಾಣುತ್ತದೆ. ಗುಲಾಬಿ, ಹಳದಿ, ಇಟ್ಟಿಗೆಗೆಂಪು ಮನೆಗಳು ಒಂದರ ಹೆಗಲ ಮೇಲೊಂದು ನಿಂತಿರುವ ಆ ಚಿತ್ರದಲ್ಲಿ ಮೇಲಿನ ಮನೆಯ ಅಜ್ಜಿ ಹಾಲು ತರಲು ಎಷ್ಟು ಮೆಟ್ಟಿಲು ಇಳಿಯಬೇಕು ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಸಲ ಸಲಹೆ ಕೇಳಿದವಳು ಅಕ್ಕ. ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಅವಳೂ ಭಾವನೂ ಹೊರಟಿದ್ದಾರೆ. ಅಷ್ಟು ದೂರ ಹೋದ ಮೇಲೆ ಇಟಲಿಯ ಕಡಲ ಬದಿಯಲ್ಲಿ ಕೆಲವು ದಿನ ಇದ್ದು ಬರೋಣ, ಮಗಳೂ ಬರುತ್ತಾಳೆ, ನೀನೂ ಬಾ ಎಂದು ನನ್ನನ್ನೂ ಸೇರಿಸಿಕೊಂಡಿದ್ದಾರೆ. ಅಕ್ಕನ ಷರತ್ತುಗಳು ಸರಳ: "ಕಿಟಕಿ ತೆರೆದರೆ ಸಮುದ್ರ ಕಾಣಬೇಕು. ಊಟಕ್ಕೆ ಪರದಾಡಬಾರದು. ನನ್ನನ್ನು ಓಡಿಸಬೇಡ." ಭಾವ ಬ್ಯಾಂಕಿನಿಂದ ನಿವೃತ್ತರಾದವರು. ನಾನು ಫೋನ್ ಮಾಡುವ ಹೊತ್ತಿಗೆ ಅವರು ಉದ್ದ ಹಾಳೆಯಲ್ಲಿ ಗೆರೆ ಹೊಡೆದು ಕೋಷ್ಟಕವನ್ನೇ ಸಿದ್ಧಪಡಿಸಿದ್ದರು. ಊರು ಐದು, ಒಂದೊಂದಕ್ಕೆ ಒಂದು ಗಂಟೆ, ನಡುವೆ ರೈಲಿನಲ್ಲಿ ಐದೈದು ನಿಮಿಷ. "ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದರೆ ಮೂರು ಗಂಟೆಗೆಲ್ಲ ಲೆಕ್ಕ ಚುಕ್ತಾ ಆಗುತ್ತದಲ್ಲಪ್ಪ?" ಎಂದರು. ಕೂಡಿ ಕಳೆದು ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. ಮೆಟ್ಟಿಲುಗಳಿಗೆ ಮಾತ್ರ ಅದರಲ್ಲಿ ಕಾಲಂ ಇರಲಿಲ್ಲ.

ಆ ಊರುಗಳು ಹೀಗೆ ಬರುತ್ತವೆ. ಲಿಗೂರಿಯಾ ಪ್ರಾಂತದಲ್ಲಿ, ಜೆನೋವಾದಿಂದ ಲಾ ಸ್ಪೆತ್ಸಿಯಾ ಕಡೆಗೆ ಕರಾವಳಿ ಹಿಡಿದು ಹೊರಟರೆ ಮೊದಲು ಮೊಂತೆರೊಸ್ಸೊ, ಆಮೇಲೆ ವೆರ್ನಾತ್ಸಾ, ಕೊರ್ನಿಲ್ಯಾ, ಮನರೋಲಾ, ಕೊನೆಗೆ ರಿಯೊಮಜ್ಜೋರೆ. ಬೆಟ್ಟಗಳು ಇಲ್ಲಿ ಬಯಲಿಗೆ ಆಸ್ಪದವನ್ನೇ ಕೊಡದೆ ಸೀದಾ ಸಮುದ್ರಕ್ಕೆ ಇಳಿಯುತ್ತವೆ. ಹಳ್ಳವೊಂದು ಬೆಟ್ಟ ಕೊರೆದು ಕಡಲು ಸೇರುವಲ್ಲಿ ಸಿಕ್ಕ ಅಂಗೈಯಗಲದ ಜಾಗದಲ್ಲಿ ಊರು ಕಟ್ಟಿಕೊಂಡಿದ್ದಾರೆ. ಕೊರ್ನಿಲ್ಯಾಕ್ಕೆ ಆ ಜಾಗವೂ ದಕ್ಕಲಿಲ್ಲ. ಅದು ಸಮುದ್ರದಿಂದ ಸುಮಾರು ನೂರು ಮೀಟರ್ ಎತ್ತರದ ಕೋಡುಗಲ್ಲಿನ ಮೇಲೆ ಕೂತಿದೆ. ಐದೂ ಊರುಗಳ ಜನಸಂಖ್ಯೆ ಒಟ್ಟು ಸೇರಿಸಿದರೂ ಕೆಲವೇ ಸಾವಿರ, ವರ್ಷಕ್ಕೆ ಬಂದು ಹೋಗುವವರು ಲಕ್ಷಗಟ್ಟಲೆ.

1997ರಲ್ಲಿ ಯುನೆಸ್ಕೊ ಇವನ್ನು ಪಕ್ಕದ ಪೊರ್ತೊವೆನೆರೆ ಪಟ್ಟಣ ಮತ್ತು ಅದರೆದುರಿನ ಮೂರು ಪುಟ್ಟ ದ್ವೀಪಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ರಾಷ್ಟ್ರೀಯ ಉದ್ಯಾನ ಎಂದೊಡನೆ ನಮಗೆ ಆನೆ, ಹುಲಿ ನೆನಪಾಗುತ್ತವೆ. ಇಲ್ಲಿ ಕಾಪಾಡುತ್ತಿರುವುದು ಗೋಡೆಗಳನ್ನು. ನೂರಾರು ವರ್ಷಗಳ ಕಾಲ ಇಲ್ಲಿನ ಜನ ಆ ಕಡಿದಾದ ಬೆಟ್ಟವನ್ನು ಅಡ್ಡಡ್ಡಲಾಗಿ ಸೀಳಿ, ಸಿಕ್ಕ ಕಲ್ಲನ್ನೇ ಗಾರೆಯಿಲ್ಲದೆ ಒಂದರ ಮೇಲೊಂದಿಟ್ಟು ಗೋಡೆ ಕಟ್ಟಿ, ಅದರ ಹಿಂದೆ ಮಣ್ಣು ತುಂಬಿ, ಆ ಕಿರಿದಾದ ಪಟ್ಟಿಯಲ್ಲಿ ದ್ರಾಕ್ಷಿ ಬೆಳೆದರು. ಮನರೋಲಾದ ಮೇಲಿರುವ ವೊಲಾಸ್ತ್ರಾ ಎಂಬ ಹಳ್ಳಿಯಿಂದ ಕೊರ್ನಿಲ್ಯಾ ಕಡೆಗೆ ನಡೆಯುವಾಗ, ಹಿಂದೊಮ್ಮೆ, ಅಂಥ ಗೋಡೆಯೊಂದನ್ನು ಒಬ್ಬರು ದುರಸ್ತಿ ಮಾಡುತ್ತಿದ್ದುದನ್ನು ನಿಂತು ನೋಡಿದ್ದೆ. ಗೋಡೆ ಸೊಂಟದಷ್ಟು ಎತ್ತರ, ಮಧ್ಯೆ ಬಸುರಿಯ ಹೊಟ್ಟೆ ಮುಂದೆ ಬಂದಂತೆ ಉಬ್ಬಿತ್ತು. ಆತ ಉಬ್ಬಿದ ಭಾಗವನ್ನು ಪೂರ್ತಿ ಕಿತ್ತು, ಕಲ್ಲುಗಳನ್ನು ಗಾತ್ರದ ಪ್ರಕಾರ ನೆಲದ ಮೇಲೆ ಹರಡಿಕೊಂಡಿದ್ದರು. ಪಕ್ಕದಲ್ಲಿ ಕೆಂಪು ಪ್ಲಾಸ್ಟಿಕ್ ಬಕೆಟ್ಟು, ಅದರ ತುಂಬ ಚೂರುಗಲ್ಲು. ದೊಡ್ಡ ಕಲ್ಲನ್ನು ಎತ್ತಿ ಇಡುವುದು, ಅಲುಗಾಡಿಸಿ ನೋಡುವುದು, ಒಪ್ಪಿಗೆಯಾಗದಿದ್ದರೆ ಮಗ್ಗುಲು ಬದಲಿಸುವುದು, ಸಂದಿಗೆ ಬಕೆಟ್ಟಿನಿಂದ ಚೂರೊಂದನ್ನು ಆರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು. ನಾನು ನಿಂತಷ್ಟು ಹೊತ್ತಿನಲ್ಲಿ ಒಂದು ಸಾಲೂ ಮುಗಿಯಲಿಲ್ಲ.

ಗಾರೆ ಹಾಕದಿರುವುದು ಬಡತನದಿಂದಲ್ಲ. ಮಳೆನೀರು ಸಂದಿಗಳಿಂದ ಜಿನುಗಿ ಹೊರಗೆ ಹೋಗಬೇಕು. ಗೋಡೆ ಅದನ್ನು ತಡೆದರೆ ಹಿಂದಿನ ಮಣ್ಣು ನೀರು ಕುಡಿದು ತೂಕವಾಗಿ ಗೋಡೆಯನ್ನೇ ತಳ್ಳಿಬಿಡುತ್ತದೆ. ಈ ಕೈಕಸುಬನ್ನು 2018ರಲ್ಲಿ ಯುನೆಸ್ಕೊ ಇಟಲಿಯೂ ಸೇರಿದಂತೆ ಹಲವು ದೇಶಗಳ ಅಮೂರ್ತ ಪರಂಪರೆ ಎಂದು ಗುರುತಿಸಿತು. ಆದರೆ ಗೋಡೆ ನಿಲ್ಲುವುದು ಮಾನ್ಯತೆಯಿಂದಲ್ಲ, ವರ್ಷ ವರ್ಷವೂ ಬಂದು ಬಿದ್ದ ಕಲ್ಲನ್ನು ಎತ್ತಿಡುವ ಕೈಯಿಂದ. ಆ ಕೈಗಳನ್ನು ಬೆಟ್ಟದಿಂದ ಇಳಿಸಿಕೊಂಡು ಹೋದದ್ದು ರೈಲು ಎನ್ನಬಹುದು. ಲಾ ಸ್ಪೆತ್ಸಿಯಾದಲ್ಲಿ 1869ರಲ್ಲಿ ನೌಕಾಪಡೆಯ ದೊಡ್ಡ ಹಡಗುಕಟ್ಟೆ ಆರಂಭವಾಯಿತು. 1870ರ ದಶಕದಲ್ಲಿ ಜೆನೋವಾ ಮತ್ತು ಲಾ ಸ್ಪೆತ್ಸಿಯಾ ನಡುವೆ ರೈಲು ಓಡತೊಡಗಿತು. ಬೆಟ್ಟ ಹತ್ತಿ ದ್ರಾಕ್ಷಿ ಬುಟ್ಟಿ ಹೊರುವ ಬದಲು ರೈಲು ಹತ್ತಿ ಹಡಗುಕಟ್ಟೆಗೆ ಹೋದರೆ ತಿಂಗಳ ಸಂಬಳ. ಯಾರಾದರೂ ಏನು ಮಾಡುತ್ತಿದ್ದರು? ತೋಟಗಳು ಒಂದೊಂದಾಗಿ ಪಾಳು ಬಿದ್ದವು. ಈಗ ಉಳಿದಿರುವುದು ಅಂದಿನದರ ಸಣ್ಣ ಪಾಲು. ಪಾಳು ಬಿದ್ದ ತೋಟದ ಗೋಡೆ ಕುಸಿಯುತ್ತದೆ, ಗೋಡೆ ಕುಸಿದ ಬೆಟ್ಟ ಮಳೆಗೆ ಜಾರುತ್ತದೆ. ಅದೇ ರೈಲು ಇಂದು ನಮ್ಮಂಥವರನ್ನು ಹೊತ್ತು ತರುತ್ತಿದೆ.

ಇದನ್ನೆಲ್ಲ ಭಾವನಿಗೆ ಹೇಳಿದಾಗ ಅವರು ಕೇಳಿದ್ದು, "ಹಾಗಾದರೆ ರೂಮು ಎಲ್ಲಿ ಮಾಡೋಣ?" ನ್ಯಾಯವಾದ ಪ್ರಶ್ನೆಯೇ.

ರೂಮು ಹುಡುಕುವಾಗ ನಾನು ಮನರೋಲಾದ ಒಬ್ಬ ಮನೆಯೊಡೆಯರಿಗೆ ಬರೆದಿದ್ದೆ. ಜಾಹೀರಾತಿನಲ್ಲಿ "ನಿಲ್ದಾಣದಿಂದ ಐದು ನಿಮಿಷ" ಎಂದಿತ್ತು. ಆ ಐದು ನಿಮಿಷದಲ್ಲಿ ಎಷ್ಟು ಮೆಟ್ಟಿಲು ಎಂದು ಕೇಳಿದೆ. ಪ್ರಾಮಾಣಿಕ ಮನುಷ್ಯ, ಎಣಿಸಿ ಉತ್ತರ ಬರೆದರು: "ಎಪ್ಪತ್ತೆಂಟು. ಕೊನೆಯ ಇಪ್ಪತ್ತು ಕಡಿದು. ಕಂಬಿ ಎಡಗಡೆ ಮಾತ್ರ ಇದೆ. ಆದರೆ ಮೇಲಿನಿಂದ ಸೂರ್ಯಾಸ್ತ ಬಹಳ ಚೆನ್ನಾಗಿ ಕಾಣುತ್ತದೆ." ಅಕ್ಕನಿಗೆ ಅದನ್ನು ಓದಿ ಹೇಳಿದೆ. "ಸೂರ್ಯ ಕೆಳಗಿನಿಂದಲೂ ಮುಳುಗುತ್ತಾನೆ" ಎಂದಳು. ಅಲ್ಲಿಗೆ ಮನರೋಲಾ ಕೈಬಿಟ್ಟಿತು. ಈ ಊರುಗಳಲ್ಲಿ ರೂಮು ಮಾಡುವವರು ನಕ್ಷತ್ರ, ಅಂಕ, ಅನಿಸಿಕೆ ಎಲ್ಲ ಬದಿಗಿಟ್ಟು ನಿಲ್ದಾಣದಿಂದ ಬಾಗಿಲಿನವರೆಗೆ ಎಷ್ಟು ಮೆಟ್ಟಿಲು ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಹೇಳಲು ಹಿಂದೆ ಮುಂದೆ ನೋಡಿದರೆ ಉತ್ತರ ಸಿಕ್ಕಿತೆಂದೇ ತಿಳಿಯಬಹುದು.

ಉಳಿದದ್ದು ಮೂರು ಆಯ್ಕೆ. ಲಾ ಸ್ಪೆತ್ಸಿಯಾ ದೊಡ್ಡ ನಗರ, ಖರ್ಚು ಕಡಿಮೆ, ರಿಯೊಮಜ್ಜೋರೆಗೆ ರೈಲಿನಲ್ಲಿ ಹತ್ತು ನಿಮಿಷವೂ ಇಲ್ಲ. ಆದರೆ ಕಿಟಕಿ ತೆರೆದರೆ ಕಾಣುವುದು ಎದುರುಮನೆಯ ಒಣಹಾಕಿದ ಬಟ್ಟೆ. ಇನ್ನೊಂದು ತುದಿಯಲ್ಲಿ ಲೇವಂತೊ. ಐದರ ಲೆಕ್ಕಕ್ಕೆ ಸೇರದ ಕಾರಣಕ್ಕೇ ಸ್ವಲ್ಪ ನಿರಾಳವಾಗಿರುವ, ತಕ್ಕಮಟ್ಟಿಗೆ ಸಮತಟ್ಟಾದ ಊರು. ಅಲ್ಲಿಂದ ಬೊನಸ್ಸೋಲಾ ದಾಟಿ ಫ್ರಮೂರಾವರೆಗೆ ಹಳೆಯ ರೈಲುಮಾರ್ಗದ ಸುರಂಗಗಳನ್ನೇ ಸೈಕಲ್ ದಾರಿಯಾಗಿ ಮಾಡಿದ್ದಾರೆ. ಏರಿಲ್ಲ, ಇಳಿತವಿಲ್ಲ, ಸುರಂಗ ಮುಗಿದಲ್ಲೆಲ್ಲ ಸಮುದ್ರ. ಮೂರನೆಯದು ಮೊಂತೆರೊಸ್ಸೊ. ಐದರಲ್ಲಿ ಚಪ್ಪಟೆ ನೆಲವೂ ಸರಿಯಾದ ಮರಳ ತೀರವೂ ಇರುವುದು ಇಲ್ಲೊಂದೇ ಕಡೆ. ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೆ ರಸ್ತೆ, ರಸ್ತೆಯಾಚೆ ಅಲೆ. ಫೆಜೀನಾ ಎಂಬ ಈ ಹೊಸ ಭಾಗಕ್ಕೂ ಹಳೆಯ ಊರಿಗೂ ನಡುವೆ ಗುಡ್ಡ; ಅದರ ಹೊಟ್ಟೆಯಲ್ಲಿ ನಡೆದು ಹೋಗಲು ಸುರಂಗ. ನೊಬೆಲ್ ಪಡೆದ ಕವಿ ಎವುಜೇನಿಯೊ ಮೊಂತಾಲೆ ಬಾಲ್ಯದ ಬೇಸಿಗೆಗಳನ್ನು ಕಳೆದದ್ದು ಇಲ್ಲೇ. ತೀರದ ಕೊನೆಯಲ್ಲಿ ಬಂಡೆಗೆ ಒರಗಿ ನಿಂತ ಹದಿನಾಲ್ಕು ಮೀಟರ್ ಎತ್ತರದ ಕಾಂಕ್ರೀಟಿನ ಸಮುದ್ರದೇವ ಇದ್ದಾನೆ, 1910ರವನು. ಎರಡನೇ ಮಹಾಯುದ್ಧದ ಬಾಂಬಿಗೂ 1966ರ ಕಡಲ ಅಬ್ಬರಕ್ಕೂ ಸಿಕ್ಕಿ ಅಂಗಾಂಗ ಕಳೆದುಕೊಂಡಿದ್ದಾನೆ. "ಅವನಿಗೂ ಮೊಣಕಾಲು ನೋವಿರಬೇಕು" ಎಂದು ಅಕ್ಕ ಫೋಟೊ ನೋಡಿ ಹೇಳಿದ ಮೇಲೆ ಮೊಂತೆರೊಸ್ಸೊ ಖಾಯಂ ಆಯಿತು. ದುಬಾರಿ ನಿಜ. ಹಾಗಾಗಿ ಮೊದಲ ರಾತ್ರಿಗಳು ಲೇವಂತೊದಲ್ಲಿ, ಕೊನೆಯವು ಮೊಂತೆರೊಸ್ಸೊದಲ್ಲಿ ಎಂದು ಭಾವ ಹಂಚಿದರು. ಎರಡರ ನಡುವೆ ರೈಲು ಐದೇ ನಿಮಿಷ. ಊರೊಳಗೇ ತಂಗುವುದಕ್ಕೆ ನಾನು ಹಠ ಹಿಡಿದದ್ದಕ್ಕೆ ಕಾರಣ ಬೇರೆ. ಲಾ ಸ್ಪೆತ್ಸಿಯಾ ಬಂದರಿನಲ್ಲಿ ವಿಹಾರ ಹಡಗು ಕಟ್ಟಿದ ದಿನ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಈ ಓಣಿಗಳು ಊರಿನವರ ಕೈಯಲ್ಲಿರುವುದಿಲ್ಲ. ಎಂಟಕ್ಕೆ ಮುಂಚೆ, ಏಳರ ಮೇಲೆ ಮಾತ್ರ ಅಂಗಡಿಯಾತ ಹೆಸರು ಹಿಡಿದು ಕೂಗುವ ಗಿರಾಕಿಗಳು ಕಾಣುತ್ತಾರೆ. ತಂಗಿದವರಿಗೆ ಸಿಗುವ ಲಾಭ ಅದು.

ನಾನು ಹಿಂದೆ ಮಿಲಾನ್‌ನಿಂದ ಜುಲೈ ತಿಂಗಳಲ್ಲಿ ಹೋದಾಗ ನಡುಹಗಲಿನ ವೆರ್ನಾತ್ಸಾವನ್ನು ನೋಡಿದ್ದೇನೆ. ಅಲ್ಲಿನ ನಿಲ್ದಾಣಕ್ಕೆ ಎರಡು ಕಡೆಯೂ ಸುರಂಗ, ಪ್ಲಾಟ್‌ಫಾರಂ ಗಿಡ್ಡ. ಹಿಂದಿನ ಬೋಗಿಯಲ್ಲಿದ್ದವರಿಗೆ ರೈಲು ನಿಂತಾಗ ಕಿಟಕಿಯಾಚೆ ಕಾಣುವುದು ಕತ್ತಲೆ. ಊರು ಇನ್ನೂ ಬಂದಿಲ್ಲವೆಂದು ಕೂತರೆ ಮುಂದಿನ ಊರಿಗೆ ಹೋಗುತ್ತೀರಿ. ಕತ್ತಲಲ್ಲೇ ಬಾಗಿಲ ಗುಂಡಿ ಒತ್ತಿ, ಸುರಂಗದ ಗೋಡೆಗೆ ಅಂಟಿಕೊಂಡ ಕಿರಿದಾದ ಕಟ್ಟೆಯ ಮೇಲೆ ಇಳಿದು, ಮುಂದಿರುವವರ ಬೆನ್ನು ಹಿಡಿದು ಬೆಳಕಿನ ಕಡೆಗೆ ನಡೆಯಬೇಕು. ರಿಯೊಮಜ್ಜೋರೆಯಲ್ಲೂ ಹೀಗೆಯೇ. ಆದ್ದರಿಂದ ಭಾವನ ಕೋಷ್ಟಕದಲ್ಲಿ "ಮಧ್ಯದ ಬೋಗಿ ಹತ್ತುವುದು" ಎಂಬ ಟಿಪ್ಪಣಿ ಸೇರಿದೆ. ಐದು ನಿಮಿಷದ ಪ್ರಯಾಣಕ್ಕೂ ಪ್ರವಾಸಿಗರಿಂದ ದುಬಾರಿ ದರ ವಸೂಲು ಮಾಡುತ್ತಾರೆ. ಹತ್ತಿ ಇಳಿಯುವ ದಿನಗಳಿಗೆ ಲೇವಂತೊದಿಂದ ಲಾ ಸ್ಪೆತ್ಸಿಯಾವರೆಗೆ ಎಷ್ಟು ಸಲ ಬೇಕಾದರೂ ಓಡಾಡಬಹುದಾದ ಚಿಂಕ್ವೆ ತೆರ್ರೆ ಟ್ರೆನೊ ಕಾರ್ಡು ಲಾಭ. ಒಂದೇ ಊರಲ್ಲಿ ಕೂರುವ ದಿನ ಅದು ದಂಡ. ಕಾಗದದ ಟಿಕೆಟ್ಟಾದರೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಕೈಯಲ್ಲಿ ಟಿಕೆಟ್ ಇದ್ದೂ ಇಲ್ಲಿ ದಂಡ ತೆತ್ತ ಪ್ರವಾಸಿಗರು ಬೇಕಾದಷ್ಟಿದ್ದಾರೆ.

ಯಾವ ತಿಂಗಳು ಎಂಬುದಕ್ಕೆ ಹೆಚ್ಚು ಚರ್ಚೆಯೇ ಆಗಲಿಲ್ಲ. ಜುಲೈ, ಆಗಸ್ಟ್ ಬೇಡ. ಅದರಲ್ಲೂ ಆಗಸ್ಟ್ 15ರ ಆಸುಪಾಸು ಇಡೀ ಇಟಲಿಯೇ ಸಮುದ್ರಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಅರ್ಧಕ್ಕರ್ಧ ಅಂಗಡಿಗಳಿಗೆ ಬೀಗ. ಆದರೂ ಡಿಸೆಂಬರಿಗೆ ಒಂದು ಆಕರ್ಷಣೆ ಇದೆ: ಮನರೋಲಾದ ನಿವೃತ್ತ ರೈಲ್ವೆ ನೌಕರ ಮಾರಿಯೊ ಅಂದ್ರೆಯೋಲಿ ಗುಜರಿ ಸಾಮಾನಿನಿಂದ ಕ್ರಿಸ್ತ ಜನನದ ಬೊಂಬೆಗಳನ್ನು ಮಾಡಿ, ದೀಪ ಕಟ್ಟಿ, ಇಡೀ ಬೆಟ್ಟದ ಓರೆಯ ಮೇಲೆ ನಿಲ್ಲಿಸುತ್ತಿದ್ದರು. ಅವರು 2022ರಲ್ಲಿ ತೀರಿಕೊಂಡರು. ಆ ಗೋಡೆಗಟ್ಟಿದ ಇಳಿಜಾರನ್ನು ದ್ರಾಕ್ಷಿ ಬಿಟ್ಟು ಬೇರೆ ಯಾವುದಕ್ಕಾದರೂ ಇಷ್ಟು ಚೆನ್ನಾಗಿ ಬಳಸಿದವರು ಇನ್ನೊಬ್ಬರಿಲ್ಲ.

ಅಕ್ಟೋಬರ್ ಚೆಂದ ಎಂದು ಕೆಲವರು ಹೇಳುತ್ತಾರೆ. ನನಗೆ ಧೈರ್ಯ ಸಾಲದು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಬೆಟ್ಟ ಜಾರಿ, ಹಳ್ಳದ ದಾರಿಯಲ್ಲೇ ಕಟ್ಟಿಕೊಂಡಿದ್ದ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊಗಳ ಮುಖ್ಯ ಬೀದಿಗಳು ಕೆಸರು, ಕಲ್ಲು, ಕಾರುಗಳಿಂದ ತುಂಬಿಹೋದವು. ವೆರ್ನಾತ್ಸಾದಲ್ಲಿ ಅಂಗಡಿಗಳ ಬಾಗಿಲೇ ಹೂತುಹೋಗುವಷ್ಟು ಮಣ್ಣು. ಜೀವಗಳೂ ಹೋದವು. ರಸ್ತೆ, ರೈಲು ಎರಡೂ ನಿಂತಾಗ ಜನರನ್ನು ದೋಣಿಗಳಲ್ಲಿ ಸಾಗಿಸಿದರು. ಬೀದಿಯ ಕೆಳಗೆ ಹಳ್ಳ ಹರಿಯುತ್ತಿದೆ ಎನ್ನುವುದು ಬೇಸಿಗೆಯ ಪ್ರವಾಸಿಗೆ ಹೊಳೆಯುವುದೇ ಇಲ್ಲ. ಐಸ್‌ಕ್ರೀಮ್ ಹಿಡಿದು ಅದರ ಮೇಲೆಯೇ ನಡೆಯುತ್ತಿರುತ್ತಾನೆ. ಈಗ ಲಿಗೂರಿಯಾದಲ್ಲಿ ಮಳೆಯ ಮುನ್ಸೂಚನೆಗೆ ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಇಟ್ಟಿದ್ದಾರೆ; ಎಚ್ಚರಿಕೆ ಜೋರಾದ ದಿನ ಉದ್ಯಾನದವರು ಕಾಲುದಾರಿಗಳನ್ನು ಮುಚ್ಚುತ್ತಾರೆ. ಅಂಥ ದಿನ ಗೇಟು ಹಾರಿ ಫೋಟೊಗೆ ಹೋಗುವವರನ್ನು ನೋಡಿದರೆ ನನ್ನ ರಕ್ತ ಕುದಿಯುತ್ತದೆ. ನಾವು ಆರಿಸಿಕೊಂಡದ್ದು ಮೇ. ಮೊಂತೆರೊಸ್ಸೊದಲ್ಲಿ ಆ ತಿಂಗಳು ನಿಂಬೆ ಹಬ್ಬವೂ ಇರುತ್ತದೆ.

ನಡೆಯುವ ದಾರಿಗಳ ವಿಚಾರಕ್ಕೆ ಬಂದಾಗ ಮನೆ ಎರಡು ಪಕ್ಷವಾಯಿತು. ಅಕ್ಕನಿಗೆ ಹೊಂದುವುದು ಒಂದೇ ದಾರಿ: ರಿಯೊಮಜ್ಜೋರೆಯಿಂದ ಮನರೋಲಾಕ್ಕೆ ಬಂಡೆಯ ಮಗ್ಗುಲಲ್ಲಿ ಸಮತಟ್ಟಾಗಿ ಸಾಗುವ, ಸುಮಾರು ಒಂದು ಕಿಲೋಮೀಟರಿನ ವಿಯಾ ದೆಲ್ಲಾಮೋರೆ. ಪ್ರೇಮದ ದಾರಿ ಎಂದು ಹೆಸರು. ಹುಟ್ಟಿದ್ದು ಮಾತ್ರ ಯಾವ ಪ್ರೇಮದಿಂದಲೂ ಅಲ್ಲ, ಕಳೆದ ಶತಮಾನದ ಮೊದಲ ಭಾಗದಲ್ಲಿ ರೈಲು ಸುರಂಗದ ಕೆಲಸಕ್ಕೆ ಬೇಕಾದ ಸಿಡಿಮದ್ದನ್ನು ಇಡುವ ಜಾಗಕ್ಕೆ ಹೋಗಿ ಬರುವ ಕಾರಣಕ್ಕೆ. ದಾರಿ ಆದ ಮೇಲೆ ಎರಡು ಊರಿನ ಹುಡುಗ ಹುಡುಗಿಯರು ಅಲ್ಲಿ ಭೇಟಿಯಾಗತೊಡಗಿದರು. 2012ರ ಸೆಪ್ಟೆಂಬರಿನಲ್ಲಿ ಮೇಲಿನಿಂದ ಬಂಡೆ ಉರುಳಿ ಆಸ್ಟ್ರೇಲಿಯಾದ ಪ್ರವಾಸಿಗರು ಗಾಯಗೊಂಡರು, ದಾರಿ ಮುಚ್ಚಿತು. ಬಲೆ, ತಡೆ, ಕಮಾನು ಎಲ್ಲ ಕಟ್ಟಿ, ಎರಡು ಕೋಟಿ ಯೂರೊಗೂ ಹೆಚ್ಚು ಸುರಿದು ಮತ್ತೆ ತೆರೆದದ್ದು 2024ರ ಬೇಸಿಗೆಯಲ್ಲಿ. ಒಂದು ಕಿಲೋಮೀಟರಿಗೆ ಹನ್ನೆರಡು ವರ್ಷ! ಈಗ ಸಮಯ ಕಾದಿರಿಸಿಕೊಂಡೇ ಹೋಗಬೇಕು, ಪ್ರವಾಸಿಗರು ರಿಯೊಮಜ್ಜೋರೆ ಕಡೆಯಿಂದ ಮಾತ್ರ ಹೊರಡಬೇಕು, ಕಾಲುದಾರಿಗಳಿಗೆಂದು ಉದ್ಯಾನದವರು ಕೊಡುವ ಕಾರ್ಡಿನ ಮೇಲೆ ಪ್ರತ್ಯೇಕ ಶುಲ್ಕವನ್ನೂ ಕೊಡಬೇಕು. ಮತ್ತೆ ತೆರೆದಾಗ ಅದು 10 ಯೂರೊ ಇತ್ತು. ಒಂದು ಕಿಲೋಮೀಟರ್ ನಡೆಯುವುದಕ್ಕೆ ದುಡ್ಡೇ ಎಂದು ಭಾವ ಗೊಣಗಿದರು. ಆ ಬಂಡೆಯನ್ನು ಹಿಡಿದು ನಿಲ್ಲಿಸುವ ಖರ್ಚು ನೋಡಿದರೆ ಕಡಿಮೆಯೇ ಆಯಿತು ಎಂಬುದು ನನ್ನ ವಾದ.

ಭಾವನ ಕಣ್ಣು ಇರುವುದು ಮೊಂತೆರೊಸ್ಸೊದಿಂದ ವೆರ್ನಾತ್ಸಾಕ್ಕೆ ಹೋಗುವ ದಾರಿಯ ಮೇಲೆ. ನಕಾಶೆಯಲ್ಲಿ ಮೂರೂವರೆ ಕಿಲೋಮೀಟರ್. "ಬೆಳಗಿನ ವಾಕಿಂಗಿಗಿಂತ ಕಡಿಮೆ" ಎನ್ನುತ್ತಾರೆ. ಎರಡು ಗಂಟೆ ಹಿಡಿಯುತ್ತದೆ, ಏಕೆಂದರೆ ಆ ಮೂರೂವರೆ ಕಿಲೋಮೀಟರಿನಲ್ಲಿ ದೊಡ್ಡ ಪಾಲು ಏಕಪ್ರಕಾರವಾಗಿಲ್ಲದ ಕಲ್ಲಿನ ಮೆಟ್ಟಿಲು. ಈ ಭಾಗಕ್ಕೂ ಉದ್ಯಾನದ ಕಾರ್ಡು ಬೇಕು. ದಟ್ಟಣೆಯ ಕೆಲವು ದಿನಗಳಲ್ಲಿ ಒಂದೇ ದಿಕ್ಕಿನಲ್ಲಿ ಬಿಡುತ್ತಾರೆ. ಹವಾಯಿ ಚಪ್ಪಲಿಯಲ್ಲಿ ಬಂದವರಿಗೆ ದಂಡ ಹಾಕುವುದಾಗಿ 2019ರಲ್ಲಿ ಉದ್ಯಾನದವರು ಪ್ರಕಟಿಸಿದ್ದರು. ದಾರಿಯಲ್ಲಿ ಕಾಲು ಉಳುಕಿಸಿಕೊಂಡವರನ್ನು ಹೊತ್ತು ತಂದು ಸಾಕಾಗಿತ್ತು. ನಾನೂ ಭಾವನೂ ಬೇಗ ಹೊರಟು ನಡೆದು ಹೋಗುವುದು, ಅಕ್ಕ ಮಗಳೊಂದಿಗೆ ತಿಂಡಿ ಮುಗಿಸಿ ರೈಲಿನಲ್ಲಿ ಬರುವುದು, ವೆರ್ನಾತ್ಸಾದ ಪುಟ್ಟ ಬಂದರಿನ ಬಳಿ, ನೀರಿನಂಚಿಗೇ ನಿಂತ ಸಾಂತಾ ಮಾರ್ಗರೀತಾ ಚರ್ಚಿನ ಮುಂದೆ ಸೇರುವುದು ಎಂದು ಒಪ್ಪಂದವಾಗಿದೆ.

ಕೊರ್ನಿಲ್ಯಾಕ್ಕೆ ನಿಲ್ದಾಣದಿಂದ ಹತ್ತಲು ಮೂವತ್ತಮೂರು ಮಜಲುಗಳ, ಮುನ್ನೂರ ಎಂಬತ್ತರ ಆಸುಪಾಸಿನ ಇಟ್ಟಿಗೆ ಮೆಟ್ಟಿಲಿದೆ. ಉದ್ಯಾನದ ಚಿಕ್ಕ ಬಸ್ಸೂ ಇದೆ. ನಮ್ಮದು ಬಸ್ಸು. ವೊಲಾಸ್ತ್ರಾದ ಗೋಡೆಗಳ ದಾರಿಯನ್ನು ಮತ್ತೊಮ್ಮೆ ನಡೆಯುವ ಆಸೆ ನನಗಿದೆ. ಮನರೋಲಾದಿಂದ ಅಲ್ಲಿಯವರೆಗೂ ಬಸ್ಸು ಹತ್ತಿಸುತ್ತದೆ, ಅಲ್ಲಿಂದ ಕೊರ್ನಿಲ್ಯಾವರೆಗೆ ತೋಟಗಳ ನಡುವೆ ಹೆಚ್ಚಾಗಿ ಇಳಿತ. ಇಳಿತವೆಂದರೆ ಸುಲಭವೆಂದು ತಿಳಿಯುವವರು ಇನ್ನೂ ನಲವತ್ತು ದಾಟಿಲ್ಲ ಎಂದರ್ಥ.

ಈಗ ಊಟ. ಅಕ್ಕ ಸಸ್ಯಾಹಾರಿ. ಇಟಲಿಗೆ ಹೋಗುವ ನಮ್ಮವರಲ್ಲಿ ಹಲವರು ಥೆಪ್ಲಾ, ಚಟ್ನಿಪುಡಿ, ಉಪ್ಪಿಟ್ಟಿನ ಪೊಟ್ಟಣಗಳಿಂದಲೇ ಅರ್ಧ ಪೆಟ್ಟಿಗೆ ತುಂಬುತ್ತಾರೆ. ಆ ಭಾರ ಹೊತ್ತು ಮೆಟ್ಟಿಲು ಹತ್ತಬೇಕು ಎಂಬುದನ್ನು ಬಿಟ್ಟರೂ, ಲಿಗೂರಿಯಾದ ಮಟ್ಟಿಗೆ ಅದು ಅನಗತ್ಯ. ಇದು ಬಡವರ ಅಡುಗೆಯ ಸೀಮೆ. ಹುಲ್ಲುಗಾವಲಿಗೆ ಜಾಗವಿಲ್ಲದ ಕಡೆ ಮಾಂಸದ ಅಡುಗೆ ಬೆಳೆಯುವುದು ಕಷ್ಟ. ಕಡಲೆಹಿಟ್ಟು, ನೀರು, ಉಪ್ಪು, ಧಾರಾಳವಾಗಿ ಆಲಿವ್ ಎಣ್ಣೆ, ಇಷ್ಟೇ ಸೇರಿಸಿ ನೀರಾಗಿ ಕಲಸಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ಹೊಯ್ದು ಕಟ್ಟಿಗೆಯ ಒಲೆಯೊಳಗೆ ನೂಕಿ ಬೇಯಿಸಿದರೆ ಫರಿನಾತಾ. ಅಂಚು ಕರಕಲು, ಮಧ್ಯೆ ಮೆತ್ತಗೆ, ಮೇಲೆ ಕಾಳುಮೆಣಸಿನ ಪುಡಿ. ಚಾಕುವಿನಿಂದ ಒರಟಾಗಿ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಬೆರಳಿಗೆಲ್ಲ ಎಣ್ಣೆ. ಬಿಸಿ ಆರಿದರೆ ಅದರ ಗತ್ತು ಹೋಯಿತು, ಅಂಗಡಿಯ ಮುಂದೆ ನಿಂತೇ ತಿನ್ನಬೇಕು. ಲಾ ಸ್ಪೆತ್ಸಿಯಾದಲ್ಲಿ ಮೆಶುವಾ ಎಂಬ ಸಾರು ಸಿಗುತ್ತದೆ: ಕಡಲೆಕಾಳು, ಬಿಳಿ ಬೀನ್ಸ್ ಕಾಳು, ಗೋಧಿ ಬೇರೆ ಬೇರೆ ಬೇಯಿಸಿ ಕೂಡಿಸಿ, ಮೇಲೆ ಹಸಿ ಆಲಿವ್ ಎಣ್ಣೆ. ಬಂದರಿನಲ್ಲಿ ಮೂಟೆಗಳಿಂದ ಉದುರಿದ ಕಾಳುಗಳನ್ನು ಹೆಂಗಸರು ಗುಡಿಸಿ ತಂದು ಬೇಯಿಸಿದ್ದರಿಂದ ಇದು ಹುಟ್ಟಿತೆಂದು ಊರಿನವರು ಹೇಳುತ್ತಾರೆ. ತುಳಸಿಯ ಬಳಗದ ಬೇಸಿಲ್ ಸೊಪ್ಪು ಅರೆದ ಪೆಸ್ತೊ ಹುಟ್ಟಿದ್ದು ಲಿಗೂರಿಯಾದಲ್ಲೇ. ಅದನ್ನು ಹಿಟ್ಟು ನೀರಿನಿಂದ ಮಾತ್ರ ಹೊಸೆದ, ಮೊಟ್ಟೆ ಹಾಕದ ತ್ರೋಫಿಯೆ ಎಂಬ ಗಿಡ್ಡ ಪಾಸ್ತಾಕ್ಕೆ, ಆಲೂಗಡ್ಡೆ ಹುರುಳಿಕಾಯಿಯ ಜೊತೆ ಕಲಸುತ್ತಾರೆ. ಸೊಪ್ಪು ತುಂಬಿ ಅಕ್ರೋಟಿನ ಸಾಸಿನಲ್ಲಿ ಕೊಡುವ ಪನ್ಸೋತಿ, ತರಕಾರಿ ಕಡುಬು, ಎಣ್ಣೆ ಹೊಳೆಯುವ ಫೊಕಾಚ್ಚಾ ರೊಟ್ಟಿ, ಇವೂ ಇವೆ.

ಎಚ್ಚರ ಬೇಕಾದದ್ದು ಎರಡು ಕಡೆ. ಮೊಂತೆರೊಸ್ಸೊ ಆಂಚೊವಿ ಮೀನಿಗೆ ಹೆಸರಾದ ಊರು. ಅದು ಎಲ್ಲೆಂದರಲ್ಲಿ ಇಣುಕುತ್ತದೆ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶ್ಶೆ, ಸೆಂತ್ಸಾ ಅಚ್ಚೂಗೆ" ಎಂದರೆ ಮಾಂಸ, ಮೀನು, ಆಂಚೊವಿ ಯಾವುದೂ ಬೇಡ ಎಂದಾಯಿತು. ಅಕ್ಕ ಇದನ್ನು ಬಾಯಿಪಾಠ ಮಾಡಿದ್ದಾಳೆ. ಇನ್ನೊಂದು ಪೆಸ್ತೊದೊಳಗಿನ ಪಾರ್ಮೆಸಾನ್ ಚೀಸು: ಹಾಲು ಒಡೆಯಲು ಕರುವಿನ ಜಠರದ ಕಿಣ್ವ ಬಳಸುತ್ತಾರೆ. ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿಯೇಬಿಟ್ಟೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದೂರ ಹೋಗಿ ನಾನು ಚೀಸಿನ ಕುಲಗೋತ್ರ ವಿಚಾರಿಸುವುದಿಲ್ಲ" ಎಂದಳು. ಅದು ಅವಳ ತೀರ್ಮಾನ; ಬೇರೆಯವರು ತಮ್ಮದನ್ನು ತಾವೇ ಮಾಡಿಕೊಳ್ಳಬೇಕು. ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗಿಷ್ಟು ಬಂದರೆ ಜಗಳಕ್ಕೆ ನಿಲ್ಲಬೇಡಿ, ಮೇಜಿಗೆ ಕೂತದ್ದಕ್ಕೆ ಅದು, ಪಟ್ಟಿಯಲ್ಲೇ ಬರೆದಿರುತ್ತಾರೆ.

ಭಾವ ಒಂದು ಲೋಟ ಶಾಕ್ಕೆತ್ರಾ ಕುಡಿದು ನೋಡುತ್ತೇನೆ ಎಂದು ಅಕ್ಕನ ಅನುಮತಿ ಪಡೆದಿದ್ದಾರೆ. ಇದೇ ಬೆಟ್ಟದ ಬೊಸ್ಕೊ, ಅಲ್ಬರೋಲಾ, ವೆರ್ಮೆಂತೀನೊ ದ್ರಾಕ್ಷಿಗಳನ್ನು ಕೊಯ್ದು ವಾರಗಟ್ಟಲೆ ನೆರಳಿನಲ್ಲಿ ಒಣಗಿಸಿ ಹಿಂಡಿದ ಸಿಹಿ ವೈನು. ಒಣಗಿದ ಹಣ್ಣಿನಿಂದ ಹೊರಡುವ ರಸ ಬಲು ಕಡಿಮೆ, ಹಣ್ಣು ಇಳಿಸುವ ಶ್ರಮ ಬಲು ಹೆಚ್ಚು. ಬುಟ್ಟಿ ಹೊರುವವರು ಸಿಗದೆ ಈಗ ಹಲವು ತೋಟಗಳಲ್ಲಿ ಒಂದೇ ಕಂಬಿಯ ಮೇಲೆ ತೆವಳುವ ಪುಟ್ಟ ಬಂಡಿ ಹಾಕಿಸಿಕೊಂಡಿದ್ದಾರೆ. ಸಣ್ಣ ಸೀಸೆಯ ಬೆಲೆ ಕೇಳಿದರೆ ಕಣ್ಣು ಕೆಂಪಾಗುತ್ತದೆ. ಆದರೆ ಚೀನಾದಲ್ಲಿ ತಯಾರಾದ ಫ್ರಿಜ್ ಮ್ಯಾಗ್ನೆಟ್ಟಿಗೆ ಕೊಡುವ ದುಡ್ಡು ಆ ಊರಿನ ಒಂದು ಕಲ್ಲನ್ನೂ ಎತ್ತಿಡುವುದಿಲ್ಲ, ತೋಟದವರಿಂದ ಕೊಂಡ ಸೀಸೆ ಎತ್ತಿಡುತ್ತದೆ. ಕುಡಿಯದವರಿಗೆ ಮೊಂತೆರೊಸ್ಸೊದ ನಿಂಬೆಯ ಮಾರ್ಮಲೇಡ್ ಇದೆ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶದ ಮೂಲಕ ಅರ್ಜಿ ಹಾಕಬೇಕು. ಹಾಗಾಗಿ ನೋಡಲು ಹೊರಟದ್ದು ಇಟಲಿಯಾದರೂ ಅಕ್ಕ ಭಾವನ ಅರ್ಜಿ ಜರ್ಮನಿಗೆ. ದೊಡ್ಡವರಿಗೆ ಶುಲ್ಕ 90 ಯೂರೊ, ಮೇಲೆ ಅರ್ಜಿ ಪಡೆಯುವ ವೀಸಾ ಕೇಂದ್ರದ ಸೇವಾಶುಲ್ಕ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. ಭಾವ ಬ್ಯಾಂಕಿನವರಾದ್ದರಿಂದ ಖಾತೆಯ ವಿವರಗಳನ್ನು ಕೇಳಿದ್ದಕ್ಕಿಂತ ಮೂರು ಪಟ್ಟು ಜೋಡಿಸಿಟ್ಟಿದ್ದಾರೆ. ಮ್ಯೂನಿಕ್‌ನಿಂದ ಆಲ್ಪ್ಸ್ ದಾಟಿ ವೆರೋನಾವರೆಗೆ ರೈಲು, ಅಲ್ಲಿ ಒಂದು ರಾತ್ರಿ, ಆಮೇಲೆ ಕರಾವಳಿ. ದೊಡ್ಡ ಪೆಟ್ಟಿಗೆಗಳು ಮಗಳ ಮನೆಯಲ್ಲೇ ಉಳಿಯುತ್ತವೆ. ಒಬ್ಬರಿಗೆ ಬೆನ್ನಿನ ಮೇಲೆ ಹೊರಬಲ್ಲ ಒಂದು ಚೀಲ.

ಕೋಷ್ಟಕ ಈಗ ಬೇರೆಯದೇ ಆಗಿದೆ. ಗಂಟೆಯ ಕಾಲಂ ಪಕ್ಕದಲ್ಲಿ ಮೆಟ್ಟಿಲಿನ ಕಾಲಂ ಬಂದಿದೆ, ಒಂದು ದಿನಕ್ಕೆ ಒಂದೇ ಊರು ಅಥವಾ ಹೆಚ್ಚೆಂದರೆ ಎರಡು ಎಂದಾಗಿದೆ, ಮಧ್ಯಾಹ್ನಗಳನ್ನು ಖಾಲಿ ಬಿಟ್ಟಿದೆ. ಆ ಖಾಲಿ ಚೌಕಗಳಲ್ಲಿ ಏನಾದರೂ ಬರೆಯಲು ಭಾವನ ಕೈ ತುರಿಸುತ್ತಿರುವುದು ಫೋನಿನಲ್ಲೇ ಗೊತ್ತಾಗುತ್ತದೆ.

ಇತ್ಯರ್ಥವಾಗದೆ ಉಳಿದಿರುವುದು ಪೊರ್ತೊವೆನೆರೆಯ ದಿನ. ಅಲ್ಲಿಗೆ ರೈಲಿಲ್ಲ. ಮೊಂತೆರೊಸ್ಸೊದಿಂದ ದೋಣಿ ಇದೆ. ಬಂದರಿಲ್ಲದ ಕೊರ್ನಿಲ್ಯಾವನ್ನು ಬಿಟ್ಟು ಉಳಿದೆಲ್ಲ ಊರುಗಳಲ್ಲಿ ನಿಲ್ಲುತ್ತ ಹೋಗುತ್ತದೆ, ಅಲೆ ಜೋರಿದ್ದರೆ ಹೊರಡುವುದೇ ಇಲ್ಲ. ಇಲ್ಲವಾದರೆ ಲಾ ಸ್ಪೆತ್ಸಿಯಾಕ್ಕೆ ರೈಲು, ಅಲ್ಲಿಂದ ಬಸ್ಸು. ದೋಣಿಯಿಂದಲಾದರೆ ಬೆಟ್ಟದ ಪೂರ್ತಿ ಓರೆ ಒಂದೇ ನೋಟಕ್ಕೆ ಸಿಗುತ್ತದೆ: ನೆತ್ತಿಯವರೆಗೂ ಗೋಡೆಯ ಗೆರೆಗಳು, ಗೆರೆ ಅಳಿಸಿಹೋದ ಕಡೆ ಕುರುಚಲು ಕಾಡು. ಇದಕ್ಕಾಗಿಯೇ ನಾನು ದೋಣಿಯ ಪಕ್ಷ. ಅಕ್ಕನೂ ದೋಣಿಯ ಪಕ್ಷ, ಅವಳ ಕಾರಣ ಒಂದೂ ಮೆಟ್ಟಿಲಿಲ್ಲ ಎಂಬುದು. ಭಾವನಿಗೆ ದೋಣಿಯಲ್ಲಿ ಹೊಟ್ಟೆ ತೊಳೆಸುತ್ತದೆ. "ನೀವು ಬಸ್ಸಿನಲ್ಲಿ ಬನ್ನಿ, ಅಲ್ಲೇ ಸಿಗೋಣ" ಎಂದು ಅಕ್ಕ ಹೇಳಿಯಾಗಿದೆ. ಅವರು ಬಸ್ಸಿನ ವೇಳಾಪಟ್ಟಿ ಕಳಿಸು ಎಂದು ನನಗೆ ನಿನ್ನೆ ಸಂದೇಶ ಹಾಕಿದ್ದಾರೆ.